ಒಂದೂವರೆ ಲಕ್ಷ ಹೆಚ್ಚು ಕೊಟ್ಟರೆ ಟ್ರ್ಯಾಕ್ಟರಿನಲ್ಲಿ ಸಿಗುವುದೇನು?

ಎರಡೂ 45 ಎಚ್‌.ಪಿ. ಟ್ರ್ಯಾಕ್ಟರುಗಳೇ. ಎರಡಕ್ಕೂ ಮೂರು ಸಿಲಿಂಡರ್, ಎರಡರ ಹಿಂದಿನ ಟೈರಿನ ಅಳತೆಯೂ ಒಂದೇ. ಬೆಲೆಯಲ್ಲಿ ಮಾತ್ರ ಒಂದೂವರೆ ಲಕ್ಷದ ಅಂತರ. ಮನೆಯ ಹಿರಿಯರು ‘ಎಚ್‌.ಪಿ. ಅಷ್ಟೇ ಇದೆಯಲ್ಲ, ಕಡಿಮೆ ರೇಟಿನದೇ ಸಾಕು’ ಎನ್ನುತ್ತಾರೆ. ಓಡಿಸುವ ಹುಡುಗ ‘ಅದರ ಸ್ಟೇರಿಂಗ್ ಹಗುರ, ಗೇರ್ ಸಲೀಸು, ಅದನ್ನೇ ತರೋಣ’ ಎನ್ನುತ್ತಾನೆ. ವರ್ಷಕ್ಕೆ ಸುಮಾರು ಒಂಬತ್ತು ಲಕ್ಷ ಟ್ರ್ಯಾಕ್ಟರ್ ಮಾರಾಟವಾಗುವ, ಸಂಖ್ಯೆಯಲ್ಲಿ ಜಗತ್ತಿಗೇ ಮೊದಲ ಸ್ಥಾನದಲ್ಲಿರುವ ದೇಶ ನಮ್ಮದು. ಅವುಗಳಲ್ಲಿ ಬಹುಪಾಲು ಸಾಲದ ಮೇಲೆ ಮನೆಗೆ ಬರುತ್ತವೆ. ಹೆಚ್ಚಿಗೆ ಕೊಟ್ಟ ದುಡ್ಡು ಯಂತ್ರದ ಯಾವ ಭಾಗದೊಳಗೆ ಕೂತಿದೆ, ಅದು ಯಾರ ಹೊಲದಲ್ಲಿ ವಾಪಸ್ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ನೋಡಲೇಬೇಕು.

ಮೊದಲು ಎಚ್‌.ಪಿ. ಲೆಕ್ಕ. ಎಂಜಿನ್ನಿನ ಶಕ್ತಿ ಎಂದರೆ ಅದರ ತಿರುಗಿಸುವ ಬಲ, ಅಂದರೆ ಟಾರ್ಕ್, ಮತ್ತು ತಿರುಗುವ ವೇಗ ಇವೆರಡರ ಗುಣಲಬ್ಧ. ನಿಮಿಷಕ್ಕೆ 2000 ಸುತ್ತು ತಿರುಗುತ್ತ 45 ಎಚ್‌.ಪಿ. ಕೊಡುವ ಎಂಜಿನ್ನಿನ ಟಾರ್ಕ್ ಆ ವೇಗದಲ್ಲಿ ಸುಮಾರು 160 ನ್ಯೂಟನ್-ಮೀಟರ್. ಎರೆಹೊಲದಲ್ಲಿ ಪಲ್ಟಿ ನೇಗಿಲಿಗೆ ಗಟ್ಟಿ ಜಾಗ ಸಿಕ್ಕಿತು ಎನ್ನಿ. ಎಂಜಿನ್ನಿನ ವೇಗ 1500ಕ್ಕೆ ಕುಸಿಯುತ್ತದೆ. ಆ ಹೊತ್ತಿಗೆ ಒಂದು ಎಂಜಿನ್ನಿನ ಟಾರ್ಕ್ 175ಕ್ಕೆ ಏರಿ ನಿಂತರೆ ಇನ್ನೊಂದರದು 200ಕ್ಕೆ ಏರಬಹುದು. ಮೊದಲನೆಯದರ ಚಾಲಕ ಕ್ಲಚ್ ಒತ್ತಿ ಗೇರ್ ಇಳಿಸಬೇಕು. ಎರಡನೆಯದು ಏರಿನಲ್ಲಿ ಕುತ್ತಿಗೆ ಬಗ್ಗಿಸಿ ಬಂಡಿ ಎಳೆಯುವ ಎತ್ತಿನಂತೆ ಅದೇ ಗೇರಿನಲ್ಲಿ ದಾಟಿಬಿಡುತ್ತದೆ. ಮಾರುವವರು ‘ಬ್ಯಾಕಪ್ ಟಾರ್ಕ್’ ಎನ್ನುವುದು ಇದನ್ನೇ. ಬಾನೆಟ್ಟಿನ ಮೇಲೆ ಬರೆದ ಎಚ್‌.ಪಿ.ಯಲ್ಲಿ ಇದು ಕಾಣುವುದಿಲ್ಲ. ಅಲ್ಲದೆ ಎಂಜಿನ್ನಿನ ಶಕ್ತಿಯೆಲ್ಲ ರೋಟವೇಟರಿಗೆ ತಲುಪುವುದೂ ಇಲ್ಲ. ರೋಟವೇಟರಿನಂಥ ಉಪಕರಣಗಳನ್ನು ತಿರುಗಿಸುವ ಹಿಂದಿನ ದಂಡದಲ್ಲಿ, ಅಂದರೆ ಪಿ.ಟಿ.ಒ.ದಲ್ಲಿ, ಎಷ್ಟು ಎಚ್‌.ಪಿ. ಸಿಗುತ್ತದೆ ಎಂದೇ ಕೇಳಬೇಕು.

ನಿಜ ಹೇಳಬೇಕೆಂದರೆ, ಹೆಚ್ಚುವರಿ ಬೆಲೆಯ ದೊಡ್ಡ ಪಾಲು ಇರುವುದು ಸೀಟಿನ ಕೆಳಗೆ ಮತ್ತು ಹಿಂದೆ. ಕ್ಲಚ್ಚನ್ನೇ ತೆಗೆದುಕೊಳ್ಳಿ. ಒಂಟಿ ಕ್ಲಚ್ ಇದ್ದರೆ ಪೆಡಲ್ ಒತ್ತಿದ ಕೂಡಲೇ ಚಕ್ರದ ಜೊತೆ ಪಿ.ಟಿ.ಒ. ಕೂಡ ಸುಮ್ಮನಾಗುತ್ತದೆ. ರೋಟವೇಟರ್ ಹೊಡೆಯುವಾಗ, ಹುಲ್ಲಿನ ಪೆಂಡಿ ಕಟ್ಟುವ ಬೇಲರ್ ಎಳೆಯುವಾಗ ಇದು ಕಿರಿಕಿರಿಯ ಸಂಗತಿ. ತಿರುವಿನಲ್ಲಿ ನಿಂತಲ್ಲೇ ಯಂತ್ರದ ಬಾಯಿ ಕಟ್ಟಿಕೊಳ್ಳುತ್ತದೆ. ಡ್ಯುಯಲ್ ಕ್ಲಚ್ಚಿನಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಚಕ್ರ ಮಾತ್ರ ನಿಲ್ಲುತ್ತದೆ, ಪಿ.ಟಿ.ಒ. ತಿರುಗುತ್ತಲೇ ಇರುತ್ತದೆ. ಇನ್ನೂ ದುಬಾರಿಯದರಲ್ಲಿ ಪಿ.ಟಿ.ಒ.ಗೆ ಪ್ರತ್ಯೇಕ ಹಿಡಿಯೇ ಇರುತ್ತದೆ. ಔಷಧಿ ಸಿಂಪಡಿಸುವಂಥ ಹಗುರ ಕೆಲಸಕ್ಕೆ ಎಂಜಿನ್ ನಿಧಾನವಾಗಿ ಓಡುವಾಗಲೇ ಪಿ.ಟಿ.ಒ.ಗೆ ಬೇಕಾದ 540 ಸುತ್ತು ಕೊಡುವ ಎಕಾನಮಿ ಪಿ.ಟಿ.ಒ. ಇದ್ದರೆ ಡೀಸೆಲ್ ಉಳಿಯುತ್ತದೆ. ಕಲ್ಟಿವೇಟರ್ ಮತ್ತು ಟ್ರೇಲರ್ ಎರಡನ್ನೇ ನೆಚ್ಚಿದ ಮನೆಗೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಹಿಂದಿನ ಆಕ್ಸಲ್ ವಿಷಯ ಹಾಗಲ್ಲ. ಎಂಜಿನ್ನಿನಿಂದ ಬಂದ ವೇಗವನ್ನು ಕೊನೆಯದಾಗಿ ತಗ್ಗಿಸಿ ಚಕ್ರಕ್ಕೆ ಕೊಡುವ ಗೇರು ಇರುವುದು ಅಲ್ಲಿ. ಸಾಮಾನ್ಯ ವಿನ್ಯಾಸದಲ್ಲಿ ಚಿಕ್ಕ ಗೇರೊಂದು ದೊಡ್ಡ ಗೇರನ್ನು ತಿರುಗಿಸುತ್ತದೆ. ಇಡೀ ಹೊರೆ ಒಂದೇ ಕಡೆಯ ಹಲ್ಲುಗಳ ಮೇಲೆ ಬೀಳುತ್ತದೆ. ಪ್ಲಾನೆಟರಿ ವಿನ್ಯಾಸದಲ್ಲಿ ನಡುವಣ ಗೇರಿನ ಸುತ್ತ ಸಾಮಾನ್ಯವಾಗಿ ಮೂರು ಗೇರುಗಳು ಹೊರೆಯನ್ನು ಹಂಚಿಕೊಳ್ಳುತ್ತವೆ. ಬ್ರೇಕು ಕೂಡ ಎರಡು ಬಗೆ. ಒಣ ಡಿಸ್ಕು ಬೇಗ ಸವೆಯುತ್ತದೆ, ಕೆಸರು ನೀರು ಒಳಹೊಕ್ಕರೆ ಹಿಡಿತ ತಪ್ಪುತ್ತದೆ. ಎಣ್ಣೆಯಲ್ಲಿ ಮುಳುಗಿದ ಡಿಸ್ಕಿಗೆ ಈ ಕಾಟವಿಲ್ಲ. ಬಿಸಿಯನ್ನು ಎಣ್ಣೆಯೇ ಹೊತ್ತೊಯ್ಯುತ್ತದೆ. ಸಿಂಧನೂರು, ಗಂಗಾವತಿ, ದಾವಣಗೆರೆಯ ಭತ್ತದ ಗದ್ದೆಗಳಲ್ಲಿ ಕೇಜ್ ವೀಲ್ ಕಟ್ಟಿ ವಾರಗಟ್ಟಲೆ ಕೆಸರು ತುಳಿಯುವ ಟ್ರ್ಯಾಕ್ಟರಿಗೆ ಒಳ್ಳೆಯ ಆಯಿಲ್ ಸೀಲು, ಎಣ್ಣೆ ಬ್ರೇಕು, ಗಟ್ಟಿ ಆಕ್ಸಲ್ ಎಂದರೆ ಆಯುಷ್ಯವೇ. ಬೆಳಗಾವಿ, ಬಾಗಲಕೋಟೆ, ಮಂಡ್ಯದಲ್ಲಿ ಟನ್ನುಗಟ್ಟಲೆ ಕಬ್ಬು ಹೇರಿಕೊಂಡು ರಾತ್ರಿ ರಸ್ತೆಯಲ್ಲಿ ಇಳಿಜಾರು ಇಳಿಯುವ ಟ್ರ್ಯಾಕ್ಟರನ್ನು ನೆನೆಸಿಕೊಳ್ಳಿ. ಅಲ್ಲಿ ಬ್ರೇಕಿನ ಮೇಲೆ ಹಾಕಿದ ಹಣವನ್ನು ಲಾಭನಷ್ಟದಲ್ಲಿ ತೂಗಲೇಬಾರದು. ಓಡಿಸುವವನ ಜೀವ, ಎದುರಿಗೆ ಬರುವ ಬೈಕಿನವನ ಜೀವ ಅದರ ಮೇಲಿದೆ.

ಲಿಫ್ಟಿನ ಬಗ್ಗೆ ಒಂದು ಮಾತು. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಮೂರು ಕೊಂಡಿಯ ಜೋಡಣೆ 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನೊಡನೆ ಅಮೆರಿಕದ ಹೊಲಗಳಿಗೆ ವ್ಯಾಪಕವಾಗಿ ಇಳಿಯಿತು. ಇಂದು ನಮ್ಮ ಪ್ರತಿ ಟ್ರ್ಯಾಕ್ಟರಿನ ಹಿಂದೆಯೂ ಅದೇ ಇದೆ. ನೇಗಿಲಿಗೆ ಎಳೆತ ಹೆಚ್ಚಾದಾಗ ಹೈಡ್ರಾಲಿಕ್ ಅದನ್ನು ತುಸು ಮೇಲೆತ್ತುತ್ತದೆ. ನೇಗಿಲಿನ ಭಾರ ಹಿಂದಿನ ಚಕ್ರಕ್ಕೆ ವರ್ಗವಾಗಿ ಹಿಡಿತ ಬಿಗಿಯಾಗುತ್ತದೆ. ದುಬಾರಿ ಮಾದರಿಗಳಲ್ಲಿ ಈ ಸ್ಪಂದನೆ ಚುರುಕು. ಆದರೆ ಎಷ್ಟೋ ಹೊಲಗಳಲ್ಲಿ ಇದನ್ನು ಹೊಂದಿಸುವ ಡ್ರಾಫ್ಟ್ ಹಿಡಿಯನ್ನು ಯಾರೂ ಮುಟ್ಟುವುದೇ ಇಲ್ಲ. ಏರಿಸುವ ಇಳಿಸುವ ಹಿಡಿಯೊಂದರಲ್ಲೇ ಇಡೀ ಉಳುಮೆ ಮುಗಿಯುತ್ತದೆ. ಬಳಸದ ಸೌಲಭ್ಯಕ್ಕೂ ಬಡ್ಡಿ ಕಟ್ಟಬೇಕು.

ಕಂಪನಿ ಹೇಳುವುದೆಲ್ಲ ನಿಜವೇ ಎಂದು ಅಳೆದು ನೋಡುವ ಪದ್ಧತಿಯ ಹಿಂದೆ ಒಬ್ಬ ರೈತನ ಸಿಟ್ಟಿದೆ. ಅಮೆರಿಕದ ನೆಬ್ರಾಸ್ಕದ ವಿಲ್ಮಾಟ್ ಕ್ರೋಜಿಯರ್ ‘ಫೋರ್ಡ್’ ಎಂಬ ಹೆಸರಿನ ಟ್ರ್ಯಾಕ್ಟರ್ ಕೊಂಡ. ಅದಕ್ಕೂ ಹೆನ್ರಿ ಫೋರ್ಡನಿಗೂ ಸಂಬಂಧವಿರಲಿಲ್ಲ. ಮಿನಿಯಾಪೊಲಿಸ್‌ನ ಕಂಪನಿಯೊಂದು ಫೋರ್ಡ್ ಎಂಬ ಹೆಸರಿನ ಬೇರೊಬ್ಬನನ್ನು ಮುಂದಿಟ್ಟುಕೊಂಡು ಆ ಹೆಸರನ್ನು ಮಾರಿಕೊಳ್ಳುತ್ತಿತ್ತು. ಟ್ರ್ಯಾಕ್ಟರ್ ಕೈಕೊಟ್ಟಿತು. ಮುಂದೆ ಶಾಸಕನಾದ ಕ್ರೋಜಿಯರ್ 1919ರಲ್ಲಿ ಕಾನೂನು ಬರುವಂತೆ ಮಾಡಿದ: ನೆಬ್ರಾಸ್ಕದಲ್ಲಿ ಮಾರುವ ಪ್ರತಿ ಮಾದರಿಯ ಟ್ರ್ಯಾಕ್ಟರನ್ನೂ ಅಲ್ಲಿನ ವಿಶ್ವವಿದ್ಯಾಲಯ ಪರೀಕ್ಷಿಸಬೇಕು, ಬಿಡಿಭಾಗಗಳು ಆ ರಾಜ್ಯದಲ್ಲೇ ಸಿಗುವಂತೆ ಕಂಪನಿ ನೋಡಿಕೊಳ್ಳಬೇಕು. ನಮ್ಮಲ್ಲಿ ಈ ಕೆಲಸ ಮಾಡುವುದು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ. ಪಿ.ಟಿ.ಒ. ಶಕ್ತಿ, ಎಳೆಯುವ ಬಲ, ಲಿಫ್ಟಿನ ತಾಕತ್ತು, ಒಂದು ಕಿಲೋವ್ಯಾಟ್-ಗಂಟೆಯ ಕೆಲಸಕ್ಕೆ ಎಷ್ಟು ಗ್ರಾಂ ಡೀಸೆಲ್ ಬೇಕು, ಬಿಚ್ಚಿ ನೋಡಿದಾಗ ಯಾವ ಭಾಗ ಎಷ್ಟು ಸವೆದಿತ್ತು ಎಲ್ಲವೂ ಅದರ ವರದಿಯಲ್ಲಿರುತ್ತವೆ.

ಆ ಗ್ರಾಂ ಲೆಕ್ಕ ಹಿಡಿದೇ ನಮ್ಮ ಪ್ರಶ್ನೆಗೆ ಹೋಗೋಣ. ದುಬಾರಿ ಟ್ರ್ಯಾಕ್ಟರಿಗೆ 250 ಗ್ರಾಂ, ಅಗ್ಗದ್ದಕ್ಕೆ 275 ಗ್ರಾಂ ಬೇಕು ಎಂದುಕೊಳ್ಳಿ. ಅಂದರೆ ಶೇ 10ರಷ್ಟು ವ್ಯತ್ಯಾಸ. ಸಾಧಾರಣ ಹೊರೆಯಲ್ಲಿ ಗಂಟೆಗೆ ಐದು ಲೀಟರ್ ಕುಡಿಯುವ ಗಾತ್ರದ ಎಂಜಿನ್ನಿನಲ್ಲಿ ಉಳಿಯುವುದು ಅರ್ಧ ಲೀಟರ್. ಡೀಸೆಲ್ಲಿಗೆ 90 ರೂಪಾಯಿ ಹಿಡಿದರೆ ಗಂಟೆಗೆ 45 ರೂಪಾಯಿ. ಈಗ ಖರ್ಚಿನ ಬದಿ ನೋಡಿ. ಹೆಚ್ಚುವರಿ ಒಂದೂವರೆ ಲಕ್ಷಕ್ಕೆ ಶೇ 10ರ ಬಡ್ಡಿಯಾದರೆ ವರ್ಷಕ್ಕೆ 15,000. ಹತ್ತು ವರ್ಷದ ನಂತರ ಮಾರುವಾಗ ಆ ಹೆಚ್ಚುವರಿಯಲ್ಲಿ ಅರ್ಧ ವಾಪಸ್ ಬಂದೀತು ಎಂದರೂ ಸವಕಳಿ ವರ್ಷಕ್ಕೆ 7,500. ಒಟ್ಟು 22,500. ಇದನ್ನು 45ರಿಂದ ಭಾಗಿಸಿದರೆ 500 ಗಂಟೆ. ವರ್ಷಕ್ಕೆ 500 ಗಂಟೆ ದುಡಿಯದ ಟ್ರ್ಯಾಕ್ಟರಿನಲ್ಲಿ ಡೀಸೆಲ್ ಉಳಿತಾಯ ಆ ಸಾಲವನ್ನು ಹೊರುವುದಿಲ್ಲ. 300 ಗಂಟೆಯಾದರೆ ಉಳಿಯುವುದು 13,500, ಬಡ್ಡಿಗೂ ಸಾಲದು. ಬಾಡಿಗೆಗೆ ಹೋಗಿ 900 ಗಂಟೆ ದುಡಿಯುವುದಕ್ಕೆ 40,500 ಉಳಿಯುತ್ತದೆ. ಅದರ ಮಾಲೀಕನಿಗೆ ದುಬಾರಿಯದೇ ಅಗ್ಗ. ಪಠ್ಯಪುಸ್ತಕಗಳು ಟ್ರ್ಯಾಕ್ಟರಿಗೆ ವರ್ಷಕ್ಕೆ 1000 ಗಂಟೆಯ ದುಡಿಮೆ ಹಿಡಿದು ಲೆಕ್ಕ ಹಾಕುತ್ತವೆ. ಐದಾರು ಎಕರೆಯ ಒಣಬೇಸಾಯದ ಮನೆ ಅದರ ಹತ್ತಿರವೂ ಸುಳಿಯಲಾರದು. ಅವರ್ ಮೀಟರ್ ನೋಡುವಾಗ ಒಂದು ಎಚ್ಚರ: ಹಳೆಯ ಬಗೆಯ ಯಾಂತ್ರಿಕ ಮೀಟರು ಎಂಜಿನ್ ನಿಗದಿತ ವೇಗದಲ್ಲಿದ್ದಾಗ ಮಾತ್ರ ಸರಿಯಾದ ಗಂಟೆ ತೋರಿಸುತ್ತದೆ, ನಿಧಾನ ಓಡಿದರೆ ಕಡಿಮೆ ಎಣಿಸುತ್ತದೆ.

ಇದೇ ಶೇ 10ನ್ನು ಬಹುತೇಕ ಪುಕ್ಕಟೆ ಗಳಿಸುವ ದಾರಿಯೂ ಇದೆ. ಇದನ್ನು ಯಾರೂ ಷೋರೂಮಿನಲ್ಲಿ ಹೇಳಿಕೊಡುವುದಿಲ್ಲ ಎಂಬುದೇ ನನ್ನ ಬೇಸರ. ಹಿಂದಿನ ಟೈರಿನ ಮೇಲೆ ಸುಣ್ಣದ ಗುರುತು ಹಾಕಿ. ಹೊಲದಲ್ಲಿ ನೇಗಿಲು ಎತ್ತಿಕೊಂಡು ಚಕ್ರ ಹತ್ತು ಸುತ್ತು ತಿರುಗುವಷ್ಟು ಓಡಿಸಿ ದೂರ ಅಳೆಯಿರಿ. ಆಮೇಲೆ ನೇಗಿಲು ಊರಿ ಮತ್ತೆ ಹತ್ತು ಸುತ್ತು. ಮೊದಲ ಸಲ 41 ಮೀಟರ್, ಎರಡನೇ ಸಲ 33 ಮೀಟರ್ ಬಂದರೆ ಚಕ್ರ ಸುಮಾರು ಶೇ 20ರಷ್ಟು ಜಾರುತ್ತಿದೆ ಎಂದರ್ಥ. ಮಣ್ಣಿನಲ್ಲಿ ಶೇ 10ರಿಂದ 15ರವರೆಗಿನ ಜಾರುವಿಕೆ ಒಳ್ಳೆಯದು. ಟೈರಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿಸಿ, ಇಲ್ಲವೇ ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟಿ ಜಾರುವಿಕೆಯನ್ನು ಶೇ 12ಕ್ಕೆ ಇಳಿಸಿದರೆ ಅದೇ ಗಂಟೆಯಲ್ಲಿ ಶೇ 10ರಷ್ಟು ಹೆಚ್ಚು ನೆಲ ಉಳುತ್ತದೆ. ಟೈರು ಸವೆಯುವುದೂ ತಗ್ಗುತ್ತದೆ. ತೂಕ ಅತಿಯಾದರೆ ಮಾತ್ರ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಭಾರದ ಉಳುಮೆ ಮುಗಿದ ಮೇಲೆ ಬಿಚ್ಚಿಡಬೇಕು.

ಇನ್ನೊಂದು ಸಂಗತಿ ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ಮಳೆ ಬಿದ್ದ ಮೇಲೆ ಹೊಲ ಹದಕ್ಕೆ ಬಂದು ಆರುವುದರೊಳಗೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತರೆ, ಬಿಡಿಭಾಗ ಹುಬ್ಬಳ್ಳಿಯಿಂದಲೋ ಪುಣೆಯಿಂದಲೋ ಬರಲಿ ಎಂದು ಕಾಯುವಷ್ಟರಲ್ಲಿ ಬಿತ್ತನೆಯೇ ತಪ್ಪುತ್ತದೆ. ತಾಲ್ಲೂಕು ಪೇಟೆಯಲ್ಲಿ ಪಳಗಿದ ಮೆಕ್ಯಾನಿಕ್ಕೂ ಬಿಡಿಭಾಗದ ಅಂಗಡಿಯೂ ಇರುವ ಸಾಧಾರಣ ಟ್ರ್ಯಾಕ್ಟರು, ನೂರು ಕಿಲೋಮೀಟರ್ ದೂರದಲ್ಲಿ ಸರ್ವಿಸ್ ಇರುವ ಉತ್ತಮ ಟ್ರ್ಯಾಕ್ಟರಿಗಿಂತ ಮೇಲು. 50 ಎಚ್‌.ಪಿ. ದಾಟಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದು, ಎಲೆಕ್ಟ್ರಾನಿಕ್ ನಿಯಂತ್ರಣದ ಕಾಮನ್ ರೈಲ್ ಎಂಜಿನ್ನುಗಳು ಹೆಚ್ಚಿವೆ. ಅವು ಹೊಗೆ ಕಡಿಮೆ ಉಗುಳುತ್ತವೆ, ಒಳ್ಳೆಯದೇ. ಆದರೆ ಕ್ಯಾನಿನಲ್ಲಿ ತಂದು ಸುರಿಯುವ ಕಸದ ಡೀಸೆಲ್ಲನ್ನು ಅವುಗಳ ಇಂಜೆಕ್ಟರ್ ಸಹಿಸುವುದಿಲ್ಲ, ದೋಷ ಹುಡುಕಲು ಸ್ಕ್ಯಾನರ್ ಬೇಕಾಗುತ್ತದೆ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ, ಕೃಷಿ ಯಂತ್ರವನ್ನು ರಿಪೇರಿ ಮಾಡಲು ಬೇಕಾದ ಭಾಗ, ಸಾಫ್ಟ್‌ವೇರ್, ಕೈಪಿಡಿಗಳನ್ನು ಕಂಪನಿಗಳು ರೈತರಿಗೂ ಕೊಡಬೇಕೆಂದು ಕಾನೂನು ಮಾಡಿದ್ದು ಇಂಥ ಸಂಕಟ ಕಂಡೇ. ಅಂಥದೊಂದು ಕಾನೂನು ನಮ್ಮ ರೈತರಿಗೂ ಬೇಕು.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್‌.ಟಿ. ಶೇ 12ರಿಂದ 5ಕ್ಕೆ ಇಳಿದು ಎಲ್ಲ ಮಾದರಿಗಳೂ ಅಗ್ಗವಾದವು. ಉಳಿದ ಹಣದಲ್ಲಿ ಒಂದು ಮೆಟ್ಟಿಲು ಮೇಲಿನ ಮಾದರಿ ಕೊಳ್ಳೋಣ ಎಂಬ ಆಸೆ ಸಹಜ. ವರ್ಷಕ್ಕೆ 500 ಗಂಟೆ ಮೀರಿ ದುಡಿಸುವವರು, ಕೆಸರುಗದ್ದೆಯವರು, ಕಬ್ಬು ಹೇರುವವರು, ರೋಟವೇಟರ್ ಬೇಲರ್ ಇಟ್ಟು ಬಾಡಿಗೆ ನಡೆಸುವವರು ಧೈರ್ಯವಾಗಿ ಕೊಳ್ಳಲಿ, ಅವರಿಗೆ ದುಡ್ಡು ಹುಟ್ಟುತ್ತದೆ. ಸ್ವಂತ ಹೊಲಕ್ಕಷ್ಟೇ ಬೇಕಾದವರು ಸಾಧಾರಣ ಟ್ರ್ಯಾಕ್ಟರಿಗೇ ಎಣ್ಣೆ ಬ್ರೇಕು ಹಾಕಿಸಿಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಕೂರಿಗೆ, ಪಲ್ಟಿ ನೇಗಿಲು ತರುವುದು ಲೇಸು. ತೀರಾ ಸಣ್ಣ ಹಿಡುವಳಿಯವರಿಗೆ ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ಟ್ರ್ಯಾಕ್ಟರೇ ಸಾಕು. ಮುಂಗಡ ಕೊಡುವ ಮುನ್ನ ಆ ಮಾದರಿಯ ಬುದ್ನಿ ವರದಿಯನ್ನು ಡೀಲರಿನ ಕೈಯಿಂದ ಕೇಳಿ ಪಡೆಯಿರಿ. ಇಂಗ್ಲಿಷಿನಲ್ಲಿದ್ದರೆ ಓದು ಬಲ್ಲ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಡೀಸೆಲ್ ಖರ್ಚಿನ ಪುಟವನ್ನು ಓದಿಸಿ ಕೇಳಿ.