ಮನೆಯಲ್ಲೇ ರಾಕೆಟ್ ಗಟ್ಟಿಂಗ್: ಮೊದಲ ಯಂತ್ರ ಕೊಳ್ಳುವವರಿಗೆ

ಯಲಹಂಕ, ಹೆಬ್ಬಾಳದ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಟೆನಿಸ್ ಅಂಕಣ ಈಗ ಅಪರೂಪವಲ್ಲ. ಬ್ಯಾಡ್ಮಿಂಟನ್ ಅಂಕಣಗಳಂತೂ ಆರ್.ಟಿ. ನಗರದ ಒಳರಸ್ತೆಗಳವರೆಗೂ ಬಂದಿವೆ. ಯಲಹಂಕದಾಚೆಯ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಎರಡೂ ಆಟಗಳ ತರಬೇತಿ ನಡೆಯುತ್ತದೆ. ಮಕ್ಕಳನ್ನು ಇಂಥ ಕಡೆ ಸೇರಿಸುವ ತಂದೆತಾಯಂದಿರು ಕೋಚಿಂಗ್ ಫೀಸು, ಶೂ, ರಾಕೆಟ್ಟುಗಳ ಖರ್ಚನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಲೆಕ್ಕಕ್ಕೆ ಸಿಗದೆ ಬೆಳೆಯುವುದು ರಾಕೆಟ್ಟಿಗೆ ಎಳೆ (ಗಟ್) ಬಿಗಿಸುವ ಗಟ್ಟಿಂಗ್ ಖರ್ಚು.

ಹಿಂದೆ ಈ ಖರ್ಚು ಇಷ್ಟಿರಲಿಲ್ಲ. 1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುಯೆರ್ಟೆನ್ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ಗಟ್ ಹಾಕಿಸಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಆ ಗಟ್ ಜಗತ್ತಿನ ಅಂಕಣಗಳನ್ನೆಲ್ಲ ಆವರಿಸಿತು. ಚೆಂಡಿಗೆ ಒಳ್ಳೆಯ ಸ್ಪಿನ್ ಕೊಡುವ ಪಾಲಿಯೆಸ್ಟರ್ ಬಿಗಿಯನ್ನು ಮಾತ್ರ ಬೇಗ ಕಳೆದುಕೊಳ್ಳುತ್ತದೆ. ತುಂಡಾಗದೆ ಉಳಿದರೂ ಅದರಲ್ಲಿ ಜೀವ ಇರುವುದಿಲ್ಲ. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ ಬದಲಿಸಿ ಎಂಬುದು ಹಳೆಯ ಲೆಕ್ಕ. ಪಾಲಿಯೆಸ್ಟರ್ ಹಾಕಿ ದಿನವೂ ಆಡುವ ಹುಡುಗರಿಗೆ ಅದು ಏನೇನೂ ಸಾಲದು. ಗಟ್ ಬಿಟ್ಟು ಬರೀ ಕೂಲಿಯೇ ರಾಕೆಟ್ಟಿಗೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಆ ಕೆಲಸ ಮನೆಯಲ್ಲೇ ಮಾಡಲು 30,000 ರೂಪಾಯಿಯ ಯಂತ್ರ ಕೊಂಡರೆ ಅಸಲು ಹುಟ್ಟಲು 100 ರಾಕೆಟ್ ಬೇಕು. ಒಬ್ಬನೇ ಮಗ ಆಡುವ ಮನೆಯಲ್ಲಿ ಇದಕ್ಕೆ ವರ್ಷಗಳೇ ಹಿಡಿದಾವು. ಇಬ್ಬರು ಮಕ್ಕಳು ಆಡುತ್ತಿದ್ದು, ಅಪಾರ್ಟ್‌ಮೆಂಟಿನ ನಾಲ್ಕು ಗೆಳೆಯರ ರಾಕೆಟ್ಟುಗಳೂ ಬಂದರೆ ಬೇಗ ಮುಗಿಯುತ್ತದೆ.

ಯಂತ್ರ ಮಾಡುವ ಕೆಲಸ ಮೂರು: ಫ್ರೇಮನ್ನು ಹಿಡಿಯುವುದು, ಗಟ್ಟನ್ನು ಎಳೆಯುವುದು, ಎಳೆದ ಗಟ್ಟು ಹಿಂದೆ ಸರಿಯದಂತೆ ಕ್ಲಾಂಪಿನಲ್ಲಿ ಕಚ್ಚಿಕೊಳ್ಳುವುದು. ಕೊಳ್ಳುವವರ ಕಣ್ಣು ಎಳೆಯುವ ಭಾಗದ ಮೇಲೆಯೇ ಇರುತ್ತದೆ, ಜಾಹೀರಾತೂ ಅದರದ್ದೇ. ಕೆಲಸ ಕೆಡುವುದು ಹೆಚ್ಚಾಗಿ ಮಿಕ್ಕ ಎರಡರಲ್ಲಿ. ಸಾಮಾನ್ಯ ಟೆನಿಸ್ ರಾಕೆಟ್ಟಿನಲ್ಲಿ ಉದ್ದಕ್ಕೆ 16 ಎಳೆ ಇರುತ್ತವೆ. ಒಂದೊಂದನ್ನೂ 50 ಪೌಂಡಿಗೆ ಎಳೆದರೆ ಒಟ್ಟು 800 ಪೌಂಡ್, ಅಂದರೆ ಸುಮಾರು 360 ಕಿಲೋ ಬಲ ಫ್ರೇಮಿನ ಮೇಲೆ ಬೀಳುತ್ತದೆ. ಅಡ್ಡ ಎಳೆಗಳು ಬಂದು ಸಮತೋಲ ಕೊಡುವವರೆಗೆ ಆ ಭಾರವನ್ನು ತಾಳಿಕೊಳ್ಳಲು ಯಂತ್ರದ ಆಧಾರವೇ ಗತಿ. ಆರು ಕಡೆ ಹಿಡಿಯುವ ಯಂತ್ರ ನೆಮ್ಮದಿಯದು. ಗಟ್ಟಿಯಾಗಿ ಕೂರಿಸಿದರೆ ಎರಡು ಕಡೆ ಹಿಡಿಯುವುದರಲ್ಲೂ ಕೆಲಸ ನಡೆಯುತ್ತದೆ.

ಎಳೆಯುವ ಬಗೆಯೂ ಮೂರು. ಎಲೆಕ್ಟ್ರಾನಿಕ್ ಯಂತ್ರದಲ್ಲಿ ಗುಂಡಿ ಒತ್ತಿದರೆ ಮೋಟಾರ್ ಎಳೆಯುತ್ತದೆ, ಗಟ್ಟು ಸಡಿಲವಾದಂತೆಲ್ಲ ಮತ್ತೆ ಎಳೆಯುತ್ತದೆ. ಹಿಡಿ ತಿರುಗಿಸುವ ಕ್ರ್ಯಾಂಕ್ ಯಂತ್ರ ನಿಗದಿತ ಟೆನ್ಷನ್ ಮುಟ್ಟಿದೊಡನೆ ಲಾಕ್ ಆಗಿಬಿಡುತ್ತದೆ, ಆಮೇಲೆ ಗಟ್ಟು ಸಡಿಲವಾದರೂ ಎಳೆಯುವುದಿಲ್ಲ. ಆದ್ದರಿಂದ ಎರಡರಲ್ಲೂ 50 ಪೌಂಡ್ ಇಟ್ಟರೆ ಕ್ರ್ಯಾಂಕ್ ಯಂತ್ರದ ರಾಕೆಟ್ ತುಸು ಮೆತ್ತಗಿರುತ್ತದೆ. ಮೂರನೆಯದು ಡ್ರಾಪ್ ವೇಟ್. ಉದ್ದನೆಯ ಸರಳಿನ ಮೇಲೆ ಬೇಕಾದ ಗುರುತಿಗೆ ಸರಿಸಿದ ಒಂದು ತೂಕದ ಗುಂಡು; ಸರಳು ನೆಲಕ್ಕೆ ಸಮಾನಾಂತರವಾಗಿ ಇಳಿದು ನಿಂತರೆ ಟೆನ್ಷನ್ ಸರಿ. ಅದು ಸರಿಯಾಗಿ ಅಡ್ಡ ನಿಲ್ಲದಿದ್ದರೆ ಎಂದು ಹೊಸಬರು ಹೆದರುತ್ತಾರೆ. 10 ಡಿಗ್ರಿ ಮೇಲೋ ಕೆಳಗೋ ಇದ್ದರೂ ಕಡಿಮೆಯಾಗುವುದು ಶೇ. 1.5ರಷ್ಟೇ, 50 ಪೌಂಡಿಗೆ ಒಂದು ಪೌಂಡೂ ಇಲ್ಲ.

ಮೊದಲ ಯಂತ್ರವಾಗಿ ಡ್ರಾಪ್ ವೇಟ್ ಕೊಳ್ಳುವುದೇ ಜಾಣತನ. ನಿಧಾನ ಹೌದು. ಅಂಗಡಿ ಇಟ್ಟು ದಿನಕ್ಕೆ ಹತ್ತಾರು ರಾಕೆಟ್ ಮಾಡುವವರಿಗೆ ಆಗಿಬರುವುದಿಲ್ಲ. ಆದರೆ ಗುರುತ್ವ ಬಲಕ್ಕೆ ಕರೆಂಟು ಬೇಡ. ಅಡ್ಡ ಎಳೆ ಅರ್ಧ ಹಾಕಿದ್ದಾಗ ಬೆಸ್ಕಾಂ ಲೈನ್ ಹೋದರೂ ಕೆಲಸ ನಿಲ್ಲದು. ಕೆಡಲು ಅದರಲ್ಲಿ ಬೋರ್ಡು, ಸೆನ್ಸರ್ ಯಾವುದೂ ಇಲ್ಲ. ಪಿನ್ನೋ ಬುಷ್ಷೋ ಸವೆದರೆ ಯಶವಂತಪುರ ದಾಟಿ ಪೀಣ್ಯದ ಯಾವುದಾದರೂ ಲೇತ್ ಶೆಡ್ಡಿಗೆ ಹೋದರಾಯಿತು. ಉಳಿದ ಹಣವನ್ನು ಕ್ಲಾಂಪಿಗೆ ಹಾಕಬೇಕು. ಅಗ್ಗದ ಯಂತ್ರಗಳ ಜೊತೆ ಬರುವ ತೇಲು ಕ್ಲಾಂಪು ಈಗಷ್ಟೇ ಎಳೆದ ಗಟ್ಟನ್ನು ಪಕ್ಕದ ಗಟ್ಟಿಗೆ ಜೋಡಿಸಿ ಹಿಡಿಯುತ್ತದೆ. ಗುಂಡು ಎತ್ತಿದೊಡನೆ ಎರಡೂ ತುಸು ವಾಲಿ ಟೆನ್ಷನ್ ಸೋರುತ್ತದೆ. ಯಂತ್ರದ ಹಳಿಗೆ ಬಿಗಿಯುವ ಫಿಕ್ಸೆಡ್ ಕ್ಲಾಂಪಿನಲ್ಲಿ ಈ ಸೋರಿಕೆ ಬಹಳ ಕಡಿಮೆ.

ಹಳೆಯ ಯಂತ್ರ ಕೊಳ್ಳಲು ಅಂಜಬೇಕಿಲ್ಲ, ಆದರೆ ಫೋಟೋ ನೋಡಿ ದುಡ್ಡು ಕಳಿಸಬಾರದು. ಒಂದು ಹಳೇ ರಾಕೆಟ್, ಒಂದಷ್ಟು ಗಟ್ಟು, ಒಂದು ಮಾರ್ಕರ್ ಪೆನ್ನು ಕೈಯಲ್ಲಿ ಹಿಡಿದು ಹೋಗಬೇಕು. ಒಂದು ಎಳೆಯನ್ನು ಎಳೆದು, ಕ್ಲಾಂಪ್ ಹಾಕಿ, ಕ್ಲಾಂಪಿನ ಅಂಚಿನಲ್ಲೇ ಗಟ್ಟಿನ ಮೇಲೆ ಗುರುತು ಮಾಡಿ, ಎಳೆತ ಬಿಡಿ. ಗುರುತು ಕ್ಲಾಂಪಿನಿಂದ ದೂರ ಸರಿದರೆ ಹಲ್ಲು ಜಾರುತ್ತಿದೆ. ಬರೀ ಜಿಡ್ಡಿದ್ದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಹೋಗುತ್ತದೆ. ಆಗಲೂ ಜಾರಿದರೆ ಹಲ್ಲು ಸವೆದಿದೆ, ಬೆಲೆ ಇಳಿಸಲು ಕೇಳಬಹುದು, ಇಲ್ಲವೇ ಎದ್ದು ಬರಬಹುದು. ಕ್ರ್ಯಾಂಕ್ ಯಂತ್ರವಾದರೆ ಲಗೇಜ್ ತೂಗುವ ಡಿಜಿಟಲ್ ಸ್ಕೇಲೂ ಜೊತೆಗಿರಲಿ. 50 ಪೌಂಡಿಗೆ ಇಟ್ಟು ಎಳೆದಾಗ ಅದು 22.7 ಕಿಲೋ ತೋರಿಸಬೇಕು. ತುಸು ಆಚೀಚೆ ಇದ್ದರೆ ಸ್ಪ್ರಿಂಗ್ ತಿದ್ದಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ಅಂಕಿ ಬಂದರೆ ಆ ಯಂತ್ರ ಬೇಡ. ಅಮೆರಿಕದಿಂದ ಮರಳಿದವರು ಮಾರುವ ಎಲೆಕ್ಟ್ರಾನಿಕ್ ಯಂತ್ರದ ಹಿಂಬದಿಯ ಚೀಟಿಯನ್ನು ತಪ್ಪದೆ ಓದಬೇಕು. 110 ವೋಲ್ಟಿನದನ್ನು ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಬ್ಯಾಡ್ಮಿಂಟನ್ ರಾಕೆಟ್ಟನ್ನೂ ಮಾಡುವ ಆಸೆಯಿದ್ದರೆ, ಉತ್ತರ ಬೆಂಗಳೂರಿನಲ್ಲಿ ಆ ಆಸೆ ಸಹಜವೇ, ಮೊದಲೇ ವಿಚಾರಿಸಿಕೊಳ್ಳಬೇಕು. ಟೆನಿಸ್ ಗಟ್ಟು ಸುಮಾರು 1.25 ಮಿ.ಮೀ. ದಪ್ಪ, ಬ್ಯಾಡ್ಮಿಂಟನ್ನಿನದು 0.7 ಮಿ.ಮೀ. ಆಸುಪಾಸು. ಎಳೆಗಳ ನಡುವಿನ ಸಂದು ಕಿರಿದಾಗಿರುವುದರಿಂದ ಟೆನಿಸ್ ಕ್ಲಾಂಪಿನ ದಪ್ಪ ಹಲ್ಲು ಅಲ್ಲಿ ತೂರುವುದೇ ಇಲ್ಲ. ಫ್ರೇಮ್ ಹಿಡಿಯುವ ಅಡಾಪ್ಟರುಗಳೂ ಬೇರೆ.

ಯಂತ್ರದ ಜೊತೆಗೆ ಗಟ್ಟಿನ ಶುರುವಿನ ತುದಿ ಹಿಡಿಯಲು ಒಂದು ಸ್ಟಾರ್ಟಿಂಗ್ ಕ್ಲಾಂಪ್, ಕಟರ್, ಚೂಪು ಇಕ್ಕಳ, ಒಂದು ದಬ್ಬಳ ಬೇಕು. 200 ಮೀಟರಿನ ಅಗ್ಗದ ರೀಲ್ ಒಂದನ್ನು ತಂದರೆ ರಾಕೆಟ್ಟಿಗೆ 12 ಮೀಟರಿನಂತೆ 16 ರಾಕೆಟ್ಟಿಗೆ ಬರುತ್ತದೆ. ಮೊದಲನೆಯದಕ್ಕೆ ಎರಡು–ಮೂರು ತಾಸು ಹಿಡಿದರೆ ಗಾಬರಿ ಬೇಡ. ಅಡ್ಡ ಎಳೆಯನ್ನು ಮಗ್ಗದ ಹೊಕ್ಕಿನಂತೆ ಒಂದರ ಮೇಲೆ, ಒಂದರ ಕೆಳಗೆ ತೂರಿಸುವಾಗ ಎಲ್ಲೋ ಒಂದು ಕಡೆ ತಪ್ಪಿರುತ್ತದೆ. ಆದ್ದರಿಂದ ಪ್ರತಿ ಅಡ್ಡ ಎಳೆಯನ್ನೂ ಬಿಗಿಯುವ ಮುನ್ನ ಬೆರಳಾಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಮಗಳು ಟೂರ್ನಿಗೆ ಒಯ್ಯುವ ರಾಕೆಟ್ಟಿನ ಸರದಿ ಬರುವುದು ಅಟ್ಟದ ಮೇಲಿನ ಹಳೆಯ ಫ್ರೇಮುಗಳಲ್ಲಿ ಕೈ ಪಳಗಿದ ಮೇಲೆ.