ತಾನೇ ನೆಲ ಕೊರೆದು ಇಳಿಯುವ ಬೀಜ

ನಿಮಗಿದು ಗೊತ್ತೆ? ಸ್ಟೈಪಾ ಪೆನ್ನಾಟಾ ಎಂಬ ಗರಿಹುಲ್ಲಿನ ಬೀಜ ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ!

ಯುರೋಪಿನಿಂದ ಸೈಬೀರಿಯಾದವರೆಗೆ ಹಬ್ಬಿರುವ ಒಣ ಹುಲ್ಲುಗಾವಲುಗಳೇ ಈ ಬಹುವಾರ್ಷಿಕ ಹುಲ್ಲಿನ ತವರು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಹೆಸರಿಟ್ಟ.

ಪ್ರತಿ ಕಾಳಿಗೂ ಸುಮಾರು 30 ಸೆಂ.ಮೀ. ಉದ್ದದ ಬಾಲವಿದೆ. ಅದರ ಬುಡ ನುಣುಪಾಗಿ ಹಗ್ಗದಂತೆ ಹುರಿಗೊಂಡಿದ್ದರೆ, ತುದಿಯತ್ತ ಬೆಳ್ಳನೆಯ ರೇಷ್ಮೆಗೂದಲಿನ ಗರಿ. ಗಾಳಿ ಕಾಳನ್ನು ಹಾರಿಸಿಕೊಂಡು ಹೋಗಿ ಬೀಳಿಸುತ್ತದೆ. ಆಮೇಲಿನ ಕೆಲಸ ತೇವದ್ದು. ನೆನೆದಾಗ ಬಾಲದ ಹುರಿ ಬಿಚ್ಚುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಗರಿ ಅಕ್ಕಪಕ್ಕದ ಹುಲ್ಲಿಗೆ ಸಿಕ್ಕಿಕೊಂಡರೆ ತಿರುಗುವುದು ಕಾಳೇ. ಅದರ ಚೂಪು ಮೂತಿ ಮಣ್ಣಿಗೆ ಇಳಿಯುತ್ತದೆ. ಮೇಲ್ಮುಖದ ಬಿರುಗೂದಲು ಹಿಂದೆ ಸರಿಯಲು ಬಿಡುವುದಿಲ್ಲ. ಮೋಟಾರಿಲ್ಲದ ಈ ಯಂತ್ರ ನಿಜಕ್ಕೂ ಅದ್ಭುತ. ಕರ್ನಾಟಕದ ಒಣ ಹುಲ್ಲುಗಾವಲುಗಳಲ್ಲಿ ಬಟ್ಟೆಗೆ ಚುಚ್ಚಿಕೊಳ್ಳುವ ಹೆಟೆರೊಪೋಗನ್ ಹುಲ್ಲಿನ ಕಾಳಿನದೂ ಇದೇ ತಂತ್ರ.

ಗುರುತಿಗೆ ಗರಿಯೇ ಆಧಾರ. ಹತ್ತಿರದ ಬಂಧು ಸ್ಟೈಪಾ ಕ್ಯಾಪಿಲ್ಲಾಟಾದ ಬಾಲದಲ್ಲಿ ಗರಿ ಇರುವುದಿಲ್ಲ. ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವ ಮೆಕ್ಸಿಕನ್ ಗರಿಹುಲ್ಲಿನದು ಬರೀ ಕೂದಲೆಳೆಯಂಥ ಬಾಲ. ಅದು ಆಸ್ಟ್ರೇಲಿಯಾದಲ್ಲಿ ನಿಷೇಧಿತ ಕಳೆ, ಕೊಳ್ಳುವ ಮುನ್ನ ಎಚ್ಚರ.

ಸ್ಟೈಪಾ ಪೆನ್ನಾಟಾ ಬೆಳೆಸಲು ತಂಪು ಚಳಿಗಾಲ, ಇಡೀ ದಿನದ ಬಿಸಿಲು, ನೀರು ಬಸಿದುಹೋಗುವ ಸಡಿಲ ಮಣ್ಣು ಬೇಕು. ಸುಣ್ಣದಂಶವಿದ್ದರೆ ಒಳ್ಳೆಯದು. ಗೊಬ್ಬರ ಹೆಚ್ಚಾದರೆ ಸೊಕ್ಕಿ ಬೆಳೆದು ಬಾಗುತ್ತದೆ, ನೀರು ನಿಂತರೆ ಬೇರು ಕೊಳೆಯುತ್ತದೆ. ಬೇರು ಕದಲಿಸಿದರೆ ಸಹಿಸದು. ಹಾಗಾಗಿ ಸಣ್ಣ ಕುಂಡದಲ್ಲಿ ಬಿತ್ತಿ, ಸಸಿ ಎಳೆಯದಾಗಿರುವಾಗಲೇ ಅದನ್ನು ಮಣ್ಣಿನ ಹೆಂಟೆಯೊಂದಿಗೆ ಕಾಯಂ ಜಾಗದಲ್ಲಿ ನೆಡಬೇಕು.