ಗೋಬಿ ಹುಡುಕಿದೆ, ತೆಪ್ಪಲ್ ಸಿಕ್ಕಿತು

ಊರಿಗೆ ಹೋದಾಗ ಸಂಜೆ ತಳ್ಳುಗಾಡಿಯ ಗೋಬಿ ಮಂಚೂರಿ ತಿನ್ನದಿದ್ದರೆ ನಮಗೆ ರಜೆ ಕಳೆದಂತೆಯೇ ಅಲ್ಲ. ಅದೇ ಚೈನೀಸ್ ಎಂದು ನಂಬಿದ್ದ ನಾನು, ಕಳೆದ ವರ್ಷ ಚೀನಾದ ಚೆಂಗ್ಡು ನಗರ ನೋಡಲು ಹೋದಾಗ ಹೋಟೆಲಿನಲ್ಲಿ ಫೋನಿನ ಚಿತ್ರ ತೋರಿಸಿ ಅದನ್ನೇ ಕೇಳಿದೆ. ಮಾಣಿ ಗೊತ್ತಿಲ್ಲವೆಂದು ನಕ್ಕ. ಹೇಗೆ ಗೊತ್ತಿದ್ದೀತು? ಮಂಚೂರಿಯನ್ ಹುಟ್ಟಿದ್ದೇ ಮುಂಬೈಯಲ್ಲಿ. 1975ರಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಮೊದಲು ಕೋಳಿಯಲ್ಲಿ ಮಾಡಿದರು ಎನ್ನುತ್ತಾರೆ. ಹೂಕೋಸು ಆಮೇಲೆ ಬಂತು.

ಮಾಣಿ ತಂದಿಟ್ಟದ್ದು ಆ ಊರಿನದೇ ಆದ ಮಾಪೊ ತೋಫು. ಮೃದುವಾದ ಸೋಯಾ ಗಡ್ಡೆ, ಕೊಚ್ಚಿದ ಮಾಂಸ, ಕೆಂಪು ಮೆಣಸಿನೆಣ್ಣೆ, ಮೇಲೆ ಹುವಾಜಿಯಾವೊ ಎಂಬ ಸಿಚುವಾನ್ ಮೆಣಸಿನ ಪುಡಿ. ಎರಡು ತುತ್ತಿಗೇ ನಾಲಿಗೆ ಜುಮ್ಮೆಂದಿತು.

ಆ ಜುಮ್ಮು ನನಗೆ ಹೊಸದಲ್ಲ. ಕುಮಟೆಯಲ್ಲಿ ಅಮ್ಮ ಬಂಗಡೆ ಸಾರಿಗೆ ಹಾಕುತ್ತಿದ್ದ ತೆಪ್ಪಲ್‌ನದ್ದೇ! ಕೆಲವರು ಜುಮ್ಮನಕಾಯಿ ಅನ್ನುತ್ತಾರೆ. ಎರಡೂ ಒಂದೇ ಕುಲದ ಗಿಡಗಳು. ಎರಡರಲ್ಲೂ ಬೀಜ ತೆಗೆದು ಸಿಪ್ಪೆ ಬಳಸುತ್ತಾರೆ. ಚಿಕ್ಕವನಿದ್ದಾಗ ಅದನ್ನು ತಟ್ಟೆಯಂಚಿಗೆ ತಳ್ಳಿ ಬೈಸಿಕೊಳ್ಳುತ್ತಿದ್ದೆ. ಅಮ್ಮ ಹೋಗಿ ಎಂಟು ವರ್ಷ. ಅಂದು ಕಣ್ಣಲ್ಲಿ ನೀರು ಬಂದದ್ದು ಖಾರಕ್ಕಷ್ಟೇ ಅಲ್ಲ.

ಗೋಬಿ ಬಿಡಿ ಎನ್ನುವುದಿಲ್ಲ, ಅದೂ ನಮ್ಮದೇ. ಫಾರ್ಮಸಿಸ್ಟ್ ಆಗಿ ಒಂದೇ ಮಾತು: ಕಡುಗೆಂಪಾಗಿದ್ದರೆ ಬೇಡ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಮುಂದಿನ ರಜೆ ಮುಗಿಸಿ ಬರುವಾಗ ಉಪ್ಪಿನಕಾಯಿಯ ಜೊತೆ ಒಂದು ಹಿಡಿ ಒಣ ತೆಪ್ಪಲ್ ತನ್ನಿ. ರೂಮಿನ ಮೀನು ಸಾರಿಗೆ ಏಳೆಂಟು ಸಾಕು.